ಸಲ್ಲದ ಲಾಭ ಯಾರದು?



ನಮ್ಮ ಅರ್ಜಿಗಳಲ್ಲಿಯೂ ಸಭೆಗಳ ಭಾಷಣಗಳಲ್ಲಿಯೂ ಈಚೆಗೆ ಒಂದು ಇಂಗ್ಲಿಷ್ ಮಾತು ಪದೇ ಪದೇ ಬರುತ್ತಿದೆ. ‘ಅನ್‌ಡ್ಯೂ ಅಡ್ವಾಂಟೇಜ್’ ಎಂಬುದೇ ಆ ಮಾತು. ವಕೀಲರ ಬಾಯಿಂದ ಕೇಳಿ, ಪತ್ರಿಕೆಯಲ್ಲಿ ಓದಿ ನಾವೂ ಅದನ್ನು ಬಳಸಲು ಕಲಿತಿದ್ದೇವೆ. ಕಿವಿಗೆ ಗಟ್ಟಿಯಾದ ಮಾತು. ಬರೆದರೆ ಅರ್ಜಿಗೆ ತೂಕ ಬಂತೆಂದು ನಮಗೆ ತೋರುತ್ತದೆ. ಆದರೆ ಅರ್ಥವನ್ನು ಸರಿಯಾಗಿ ತಿಳಿಯದೆ ಬರೆದರೆ ಏನಾಗುತ್ತದೆ ಎಂಬುದನ್ನು ನಾನು ನನ್ನದೇ ತಪ್ಪಿನಿಂದ ಕಲಿತೆ. ಆ ತಪ್ಪಿಗೆ ಬೆಲೆ ತೆತ್ತವನು ನಾನಲ್ಲ, ಒಂದು ಬಡ ಸಂಸಾರ. ಆದಕಾರಣ ಈ ವಿಷಯವನ್ನು ನಾಚಿಕೆ ಬಿಟ್ಟು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ನಾಗಲಗಿದ್ದ, ನಾರಾಯಣಖೇಡ ಭಾಗದ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಸುಗ್ಗಿ ಮುಗಿದ ಮೇಲೆ ಜನ ಕಬ್ಬು ಕಡಿಯಲು ಹೋಗುವುದು ನಿಮಗೆಲ್ಲ ಗೊತ್ತಿದೆ. ಗಂಡ ಹೆಂಡತಿ ಒಂದು ಜೋಡಿ. ಮಳೆಗಾಲದಲ್ಲಿ, ಮನೆಯಲ್ಲಿ ಕಾಳು ತೀರಿದಾಗ, ಮುಕಾದಮ್ ಬಂದು ಜೋಡಿಗೆ ಇಷ್ಟೆಂದು ಮುಂಗಡ ಕೊಡುತ್ತಾನೆ. ಬಾಂಡ್ ಪೇಪರಿನ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ಹೀಗೆ ಹೋದ ಆರು ಜೋಡಿಗಳು ಹಂಗಾಮು ಮುಗಿಸಿ ಊರಿಗೆ ಬಂದರು. ಲೆಕ್ಕ ಹಾಕಿದ ಮುಕಾದಮ್, ಮುಂಗಡ ಇನ್ನೂ ತೀರಿಲ್ಲ, ಬಾಕಿ ತೀರುವ ತನಕ ನನ್ನ ಹೊಲದಲ್ಲಿಯೇ ದುಡಿಯಬೇಕು, ಬೇರೆ ಕಡೆ ಕೂಲಿಗೆ ಹೋದರೆ ನೋಡಿಕೊಳ್ಳುತ್ತೇನೆ ಎಂದ. ಕಡಿದ ಕಬ್ಬಿನ ತೂಕದ ಚೀಟಿ ಒಬ್ಬರ ಕೈಯಲ್ಲೂ ಇರಲಿಲ್ಲ. ಅವರು ನನ್ನ ಬಳಿಗೆ ಬಂದರು.

ನಾನು ಓದಿದ್ದು ಕನ್ನಡದಲ್ಲಿ, ಅದೂ ಎಸ್.ಎಸ್.ಎಲ್.ಸಿ. ತನಕ. ತೆಲುಗು ಮಾತಾಡುತ್ತೇನೆ, ಬರೆಯುವುದು ಕಷ್ಟ. ಆದ್ದರಿಂದ ಅರ್ಜಿಯನ್ನು ಇಂಗ್ಲಿಷಿನಲ್ಲಿಯೇ ಬರೆದೆ. ಮುಂಗಡಕ್ಕೆ ‘ಅಡ್ವಾನ್ಸ್’ ಎನ್ನುತ್ತಾರಲ್ಲವೇ? ‘ಅಡ್ವಾಂಟೇಜ್’ ಎಂಬುದು ಅದೇ ಮಾತಿನ ದೊಡ್ಡ ರೂಪವೆಂದು ನಾನು ತಿಳಿದಿದ್ದೆ. ‘ಡ್ಯೂ’ ಎಂದರೆ ಬಾಕಿ. ಹಾಗಾದರೆ ‘ಅನ್‌ಡ್ಯೂ ಅಡ್ವಾಂಟೇಜ್’ ಎಂದರೆ ಬಾಕಿ ಇಲ್ಲದ ಮುಂಗಡ, ಅನ್ಯಾಯವಾಗಿ ತೋರಿಸಿದ ಮುಂಗಡ ಎಂದು ಲೆಕ್ಕ ಹಾಕಿದೆ. ‘ಕೂಲಿಗಾರರು ಮುಕಾದಮನಿಂದ ಅನ್‌ಡ್ಯೂ ಅಡ್ವಾಂಟೇಜ್ ತೆಗೆದುಕೊಂಡಿರುತ್ತಾರೆ’ ಎಂದು ಬರೆದು, ಕೆಳಗೆ ಆರು ಜೋಡಿಗಳ ಹೆಬ್ಬೆಟ್ಟು ಒತ್ತಿಸಿ ಕಚೇರಿಗೆ ಕೊಟ್ಟೆ.

ಹನ್ನೊಂದು ದಿನ ಕಳೆದ ಮೇಲೆ ವಿಚಾರಿಸಲು ಹೋದೆವು. ಗುಮಾಸ್ತರು ಅರ್ಜಿಯನ್ನು ನನ್ನ ಕಡೆಗೆ ತಿರುಗಿಸಿ ಆ ಸಾಲಿನ ಮೇಲೆ ಬೆರಳಿಟ್ಟರು. ಕೂಲಿಗಾರರೇ ಮುಕಾದಮನಿಂದ ಸಲ್ಲದ ಲಾಭ ಪಡೆದರೆಂದು ನೀವೇ ಬರೆದುಕೊಟ್ಟಿದ್ದೀರಿ, ಇನ್ನು ದೂರು ಯಾರ ಮೇಲೆ ಎಂದು ಕೇಳಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಜೊತೆ ಬಂದಿದ್ದ ಅಕ್ಕನಿಗೆ ನಾನೇ ಅದನ್ನು ಬಿಡಿಸಿ ಹೇಳಬೇಕಾಯಿತು. ಆಕೆ ನನ್ನ ಮುಖ ನೋಡಿ, “ಮಾಸ್ತರ್ರೇ, ನಾವ್ ಏನ್ ಲಾಭ ತಗೊಂಡೀವ್ರಿ? ಮೈ ಮ್ಯಾಲಿನ ಅರಿವಿ ಬಿಟ್ರ ನಮ್ ಹತ್ರ ಏನದರಿ?” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ಹನ್ನೊಂದು ದಿನಗಳಲ್ಲಿ ಆರರಲ್ಲಿ ಒಂದು ಜೋಡಿ ಹೆದರಿ ಮುಕಾದಮನ ಹೊಲಕ್ಕೆ ಹೋಗಿಬಿಟ್ಟಿತ್ತು.

ಗಡಿಯ ಮೇಲಿನ ನಮ್ಮ ಪಾಡು

ಈ ತೊಂದರೆ ನನ್ನೊಬ್ಬನದಲ್ಲ. 1956ರ ಮೊದಲು ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ, ಗುಲ್ಬರ್ಗಾ ಮೈಸೂರಿಗೆ ಹೋದವು, ನಾವು ಆಂಧ್ರ ಪ್ರದೇಶಕ್ಕೆ ಬಂದೆವು, 2014ರಿಂದ ತೆಲಂಗಾಣದವರಾದೆವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು, ಕಾಯ್ದೆಯಲ್ಲಿ ಇಂಗ್ಲಿಷ್. ನಮ್ಮ ಕಷ್ಟ ಕಚೇರಿಯ ಮೇಜು ಮುಟ್ಟುವಷ್ಟರಲ್ಲಿ ಮೂರು ಭಾಷೆ ದಾಟಬೇಕು. ದಾಟುವಾಗ ಒಂದು ಮಾತು ತಲೆಕೆಳಗಾದರೆ ನ್ಯಾಯವೂ ತಲೆಕೆಳಗಾಗುತ್ತದೆ. ದೊಡ್ಡವರಿಗೆ ಮಾತು ತಪ್ಪಿದರೆ ವಕೀಲರು ತಿದ್ದುತ್ತಾರೆ. ನಮಗೆ ತಿದ್ದುವವರು ಯಾರು? ಆದ್ದರಿಂದ ನಾವೇ ಕಲಿಯಬೇಕು.

ಮಾತಿನ ಅರ್ಥ

ಆ ದಿನದ ನಂತರ ನಾನು ನಿಘಂಟು ತೆಗೆದು ಕುಳಿತೆ. ತಿಳಿದುಬಂದದ್ದು ಇದು. ‘ಅಡ್ವಾನ್ಸ್’, ‘ಅಡ್ವಾಂಟೇಜ್’ ಎರಡೂ ಒಂದೇ ಬೇರಿನಿಂದ ಬಂದವು ಎಂಬುದೇನೋ ನಿಜ. ಹಳೆಯ ಫ್ರೆಂಚ್ ಭಾಷೆಯ ‘ಆವಾಂ’, ಅಂದರೆ ‘ಮುಂದೆ’ ಎಂಬುದು ಆ ಬೇರು. ನಮ್ಮ ‘ಮುಂಗಡ’ದಲ್ಲಿಯೂ ‘ಮುಂ’ ಇದೆಯಷ್ಟೆ. ಆದರೆ ಬೇರು ಒಂದಾದ ಮಾತ್ರಕ್ಕೆ ಹಣ್ಣು ಒಂದಲ್ಲ. ಮುಂದಾಗಿ ಕೊಟ್ಟ ಹಣ ಅಡ್ವಾನ್ಸ್. ಮತ್ತೊಬ್ಬನಿಗಿಂತ ಮುಂದೆ ನಿಂತವನಿಗೆ ಸಿಗುವ ಮೇಲುಗೈ, ಅನುಕೂಲ, ಲಾಭ, ಇವು ಅಡ್ವಾಂಟೇಜ್.

‘ಡ್ಯೂ’ ಎಂದರೆ ಬಾಕಿ ಮಾತ್ರವಲ್ಲ, ಸಲ್ಲಬೇಕಾದದ್ದು ಎಂದೂ ಅರ್ಥ. ಕೂಲಿಗಾರನಿಗೆ ಕೂಲಿ ಸಲ್ಲಬೇಕು, ಸರ್ಕಾರಕ್ಕೆ ಕಂದಾಯ ಸಲ್ಲಬೇಕು, ಹಿರಿಯರಿಗೆ ಗೌರವ ಸಲ್ಲಬೇಕು. ಹೀಗೆ ಸಲ್ಲುವುದೆಲ್ಲ ‘ಡ್ಯೂ’. ಸಲ್ಲದೆ ಇರುವುದು ‘ಅನ್‌ಡ್ಯೂ’. ಹಾಗಾದರೆ ಇಡೀ ಮಾತಿಗೆ ನಮ್ಮ ಕನ್ನಡದಲ್ಲಿ ‘ಸಲ್ಲದ ಲಾಭ’ ಎನ್ನಬಹುದು. ಇಷ್ಟು ಚೊಕ್ಕವಾದ ಮಾತು ನಮ್ಮ ಅಜ್ಜಿಯರ ಬಾಯಲ್ಲಿಯೇ ಇರುವಾಗ ನಾನು ಇಂಗ್ಲಿಷಿನ ಬೆನ್ನು ಹತ್ತಿ ಬಿದ್ದೆ.

ಈ ಮಾತನ್ನು ಬಳಸುವಾಗ ಮೂರು ಸಂಗತಿ ನೆನಪಿಡಬೇಕು.

ಮೊದಲನೆಯದು, ಎಲ್ಲ ಲಾಭವೂ ಸಲ್ಲದ ಲಾಭವಲ್ಲ. ತಾಂಡೂರಿನ ಕಲ್ಲಿನ ಗಣಿಯಲ್ಲಿ ಒಬ್ಬನಿಗೆ ಒಳ್ಳೆಯ ಪದರ ಸಿಕ್ಕಿತು, ಇನ್ನೊಬ್ಬನ ಹೊಲದ ತೊಗರಿಗೆ ಒಳ್ಳೆಯ ಧಾರಣೆ ಬಂತು ಎಂದರೆ ಅದು ಅವರ ಅದೃಷ್ಟ, ಅವರ ದುಡಿಮೆ. ಸರ್ಕಾರದ ಯೋಜನೆಯ ಲಾಭ ಪಡೆಯಿರಿ ಎಂದು ಇಂಗ್ಲಿಷಿನಲ್ಲಿ ಹೇಳುವಾಗಲೂ ‘ಟೇಕ್ ಅಡ್ವಾಂಟೇಜ್’ ಎನ್ನುವುದುಂಟು, ಅದರಲ್ಲಿ ತಪ್ಪಿಲ್ಲ. ನಮಗೆ ಹೊಟ್ಟೆಕಿಚ್ಚಾದುದನ್ನೆಲ್ಲ ‘ಅನ್‌ಡ್ಯೂ’ ಎಂದು ಕರೆಯತೊಡಗಿದರೆ ನಿಜವಾದ ಅನ್ಯಾಯ ನಡೆದಾಗ ಹೇಳಲು ಮಾತೇ ಉಳಿಯುವುದಿಲ್ಲ.

ಎರಡನೆಯದು, ಯಾರು ಯಾರ ಮೇಲೆ ಎಂಬುದು. ಇಂಗ್ಲಿಷಿನಲ್ಲಿ ಲಾಭ ಪಡೆದವನ ಹೆಸರು ಮೊದಲು ಬರಬೇಕು, ‘ಆಫ್’ ಎಂಬ ಮಾತಿನ ಮುಂದೆ ಸೋತವನ ಹೆಸರಾಗಲಿ ಅವನ ಕಷ್ಟವಾಗಲಿ ಬರಬೇಕು. ಮುಕಾದಮ್ ಕೂಲಿಗಾರರ ಹಸಿವಿನಿಂದ ಸಲ್ಲದ ಲಾಭ ಪಡೆದ ಎಂದು ನಾನು ಬರೆಯಬೇಕಾಗಿತ್ತು. ಇದು ವ್ಯಾಕರಣದ ಮಾತಾದರೂ ಅಪರಾಧಿ ಯಾರೆಂದು ತೋರಿಸುವ ಮಾತೂ ಹೌದು.

ಮೂರನೆಯದು, ಅಕ್ಕಪಕ್ಕದ ಮಾತುಗಳು. ‘ಅನ್‌ಡ್ಯೂ ಇನ್‌ಫ್ಲುಯೆನ್ಸ್’ ಎಂದರೆ ಸಲ್ಲದ ಒತ್ತಡ, ಪ್ರಭಾವ, ಅದು ದಾರಿ. ‘ಅನ್‌ಡ್ಯೂ ಅಡ್ವಾಂಟೇಜ್’ ಆ ದಾರಿಯಿಂದ ಬಂದ ಗಳಿಕೆ. ಹೊಲಕ್ಕೆ ಹಾದು ಹೋದ ಕಾಲುದಾರಿ ಬೇರೆ, ಹೊಲದಿಂದ ಕದ್ದ ತೆನೆ ಬೇರೆ. ಎರಡನ್ನೂ ಬೇರೆ ಬೇರೆಯಾಗಿ ತೋರಿಸಿದರೆ ಅರ್ಜಿ ನಿಲ್ಲುತ್ತದೆ.

ಕಾಯ್ದೆಗಳು ಏನು ಹೇಳುತ್ತವೆ?

ಈ ಮಾತು ನಮ್ಮ ಜನರಿಗೆ ದೂರದ್ದಲ್ಲ ಎಂಬುದಕ್ಕೆ ಕಾಯ್ದೆಯೇ ಸಾಕ್ಷಿ. 1872ರ ಭಾರತೀಯ ಕರಾರು ಕಾಯ್ದೆಯ 16ನೆಯ ಕಲಮು ಸಲ್ಲದ ಪ್ರಭಾವವನ್ನು ಕುರಿತದ್ದು. ಒಬ್ಬನು ಇನ್ನೊಬ್ಬನ ಇಚ್ಛೆಯನ್ನು ಆಳಬಲ್ಲ ಸ್ಥಾನದಲ್ಲಿದ್ದು, ಆ ಸ್ಥಾನದಿಂದ ಅನ್ಯಾಯದ ಲಾಭ ಪಡೆದರೆ ಆ ಕರಾರು ಸಲ್ಲದ ಪ್ರಭಾವದಿಂದ ಆದದ್ದು. ಅದಕ್ಕೆ ಸಿಕ್ಕಿದವನು ಕರಾರನ್ನು ರದ್ದು ಮಾಡಿಸಿಕೊಳ್ಳಬಹುದು. ಆ ಕಲಮಿನ ಕೆಳಗೆ ಕೊಟ್ಟ ಉದಾಹರಣೆಗಳಲ್ಲಿ ಒಂದು ಹಳ್ಳಿಯ ಸಾಹುಕಾರನದೇ. ಅವನಿಗೆ ಮೊದಲೇ ಸಾಲಗಾರನಾದವನು ತೀರ ಅನ್ಯಾಯವೆನಿಸುವ ಷರತ್ತಿನ ಮೇಲೆ ಹೊಸ ಸಾಲ ಮಾಡಿದರೆ, ಸಲ್ಲದ ಪ್ರಭಾವ ನಡೆದಿಲ್ಲವೆಂದು ರುಜುವಾತು ಮಾಡುವ ಭಾರ ಸಾಹುಕಾರನ ಮೇಲೆಯೇ. ನೂರು ವರ್ಷಗಳಿಗೂ ಹಿಂದೆಯೇ ಇದನ್ನು ಬರೆದಿಟ್ಟಿದ್ದಾರೆ. ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತಿದೆ?

ಇನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ. ನಿಜಾಮರ ಕಾಲದಲ್ಲಿ ನಮ್ಮ ಕಡೆ ಮುಂಗಡ ಪಡೆದು ದೊಡ್ಡ ಮನೆಯಲ್ಲಿ ದುಡಿದುಕೊಂಡಿರುವವನನ್ನು ‘ಭಾಗೇಲಾ’ ಎನ್ನುತ್ತಿದ್ದರು. ಮುಂಗಡ ಕೊಡುವುದೇ ಅಪರಾಧವೆಂದು ಈ ಕಾಯ್ದೆ ಹೇಳುವುದಿಲ್ಲ. ಮುಂಗಡದ ಹೆಸರಿನಲ್ಲಿ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿದರೆ, ಬೇರೆ ಕಡೆ ಕೆಲಸಕ್ಕೆ ಹೋಗುವ, ಓಡಾಡುವ ಸ್ವಾತಂತ್ರ್ಯ ಕಿತ್ತುಕೊಂಡರೆ, ಅದು ಜೀತ. ಅಂಥ ಸಾಲ ಕಾಯ್ದೆಯ ಕಣ್ಣಿಗೆ ಸತ್ತ ಸಾಲ, ತೀರಿಸಬೇಕಾಗಿಲ್ಲ. ಅದು ಜೀತದ ಸಾಲವೆಂದು ದುಡಿಯುವವನು ಹೇಳಿದರೆ, ಅಲ್ಲವೆಂದು ರುಜುವಾತು ಮಾಡಬೇಕಾದವನು ಸಾಲ ಕೊಟ್ಟವನು. ಕಾಯ್ದೆಯ 16ನೆಯ ಕಲಮಿನ ಪ್ರಕಾರ ಜೀತ ಮಾಡಿಸಿದವನಿಗೆ ಮೂರು ವರ್ಷದ ತನಕ ಸೆರೆಮನೆ.

ತಾನೇ ಒಪ್ಪಿ ಹೆಬ್ಬೆಟ್ಟು ಒತ್ತಿದನಲ್ಲಾ ಎಂದು ಕೇಳುವವರಿದ್ದಾರೆ. ಅವರಿಗೆ ಸುಪ್ರೀಂ ಕೋರ್ಟು 1982ರಲ್ಲಿಯೇ ಉತ್ತರ ಕೊಟ್ಟಿದೆ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸಗಾರರ ಪರವಾಗಿ ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಸ್ಥೆ ತಂದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಭಗವತಿಯವರು ತೀರ್ಪು ಬರೆದರು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದರು. ಬಲವಂತವೆಂದರೆ ಬಡಿಗೆಯ ಹೊಡೆತ ಮಾತ್ರವಲ್ಲ, ಹಸಿವು ಬಡತನಗಳ ಒತ್ತಡವೂ ಬಲವಂತವೇ ಎಂಬುದು ಆ ತೀರ್ಪಿನ ತಿರುಳು. ಮಳೆಗಾಲದಲ್ಲಿ ಕಾಳು ತೀರಿದ ಮನೆಗೆ ಬಾಂಡ್ ಪೇಪರ್ ಹಿಡಿದು ಬರುವವನು ಯಾವ ಬಲದಿಂದ ಬರುತ್ತಾನೆಂಬುದನ್ನು ಈಗ ನೀವೇ ಯೋಚಿಸಿರಿ.

‘ಅನ್‌ಡ್ಯೂ ಅಡ್ವಾಂಟೇಜ್’ ಎಂಬ ಮಾತು ಅಕ್ಷರಶಃ ಬಂದಿರುವುದು ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ. 1988ರ ಆ ಕಾಯ್ದೆಯನ್ನು 2018ರಲ್ಲಿ ತಿದ್ದಿದಾಗ ಇದನ್ನು ಸೇರಿಸಿ ಅರ್ಥ ಹೇಳಿದರು. ಸರ್ಕಾರಿ ನೌಕರನು ಕಾನೂನಿನ ಪ್ರಕಾರ ಬರುವ ಸಂಬಳದ ಹೊರತು ಪಡೆಯುವ ಯಾವುದೇ ಪ್ರತಿಫಲ ಸಲ್ಲದ ಲಾಭ. ಅದು ಹಣವೇ ಆಗಬೇಕೆಂದಿಲ್ಲ. ಹಣದಲ್ಲಿ ಅಳೆಯಲಾಗದ್ದೂ ಆದೀತು. ಪಡೆದವನಿಗೆ ಮೂರರಿಂದ ಏಳು ವರ್ಷ ಸೆರೆಮನೆ.

ಆದರೆ ನಮ್ಮ ಜನ ಗಮನಿಸಬೇಕಾದದ್ದು ಇನ್ನೊಂದಿದೆ. ಆ ತಿದ್ದುಪಡಿಯ ನಂತರ ಲಂಚ ಕೊಟ್ಟವನೂ ಅಪರಾಧಿ. ಅವನಿಗೂ ಏಳು ವರ್ಷದ ತನಕ ಶಿಕ್ಷೆಯಾಗಬಹುದು. ಬಲವಂತಕ್ಕೆ ಸಿಕ್ಕಿ ಕೊಟ್ಟವನು ಏಳು ದಿನಗಳ ಒಳಗೆ ಪೊಲೀಸರಿಗಾಗಲಿ ತನಿಖೆ ಮಾಡುವ ಅಧಿಕಾರಿಗಳಿಗಾಗಲಿ ತಿಳಿಸಿದರೆ ಆ ಶಿಕ್ಷೆ ಅವನಿಗೆ ತಗಲುವುದಿಲ್ಲ. ತೆಲಂಗಾಣದಲ್ಲಿ ಭ್ರಷ್ಟಾಚಾರ ನಿಗ್ರಹ ದಳದ ದೂರವಾಣಿ ಸಂಖ್ಯೆ 1064. ಗಡಿಯಾಚೆ ಕರ್ನಾಟಕದಲ್ಲಿ ಈ ಕೆಲಸ ಲೋಕಾಯುಕ್ತರದು. ಎಂಟನೆಯ ದಿನ ನಮ್ಮ ಬಳಿ ಬಂದು ಅಳುವುದಕ್ಕಿಂತ ಎರಡನೆಯ ದಿನ ಬಂದು ಹೇಳುವುದು ಮೇಲು.

ನಮ್ಮ ಕೈಗಳನ್ನೂ ನೋಡಿಕೊಳ್ಳೋಣ

ಇಲ್ಲಿಯ ತನಕ ಮುಕಾದಮರನ್ನೂ ಕಚೇರಿಗಳನ್ನೂ ಕುರಿತು ಹೇಳಿದೆ. ಇಷ್ಟಕ್ಕೇ ನಿಲ್ಲಿಸಿದರೆ ಓದುಗರಿಗೆ ಸಂತೋಷ, ನನಗೂ ಸುಲಭ. ಆದರೆ ಗುಮಾಸ್ತರು ಬೆರಳಿಟ್ಟ ಆ ಸಾಲು ನನ್ನನ್ನು ಬಿಡಲಿಲ್ಲ. ಅರ್ಜಿಯಲ್ಲಿ ತಪ್ಪಾಗಿ ಬರೆದ ಮಾತು ಬೇರೆ ಯಾರನ್ನಾದರೂ ಕುರಿತು ಸರಿಯಾಗಿದೆಯೋ ಎಂದು ನನ್ನ ಮನಸ್ಸು ಕೇಳತೊಡಗಿತು.

ನಾನು ಉಪದೇಶಿ, ಜೊತೆಗೆ ಸಂಘದ ಸ್ವಯಂಸೇವಕ. ರೇಷನ್ ಕಾರ್ಡು, ಪಿಂಚಣಿ, ಉದ್ಯೋಗ ಖಾತರಿಯ ಬಾಕಿ ಕೂಲಿ ಎಂದು ಜನ ನನ್ನ ಬಳಿಗೆ ಬರುತ್ತಾರೆ. ಕೆಲಸವಾದ ಮೇಲೆ ಕೋಳಿ ತರುತ್ತಾರೆ, ತೊಗರಿ ತರುತ್ತಾರೆ, ಬಸ್ಸಿನ ಖರ್ಚಿಗೆಂದು ನೋಟು ಮಡಿಸಿ ಜೇಬಿಗಿಡುತ್ತಾರೆ. ಪ್ರೀತಿಯಿಂದ ಕೊಟ್ಟರು ಎಂದು ನಾನು ತೆಗೆದುಕೊಂಡಿದ್ದೇನೆ. ಎಲ್ಲವೂ ಪ್ರೀತಿಯೇ? ಮುಂದಿನ ಸಲ ಕೆಲಸ ಮಾಡಿಕೊಡುವನೋ ಇಲ್ಲವೋ ಎಂಬ ಅಂಜಿಕೆಯೂ ಅದರಲ್ಲಿ ಇರಲಿಲ್ಲವೇ? ಆ ಕಾಯ್ದೆಯ ಕಣ್ಣಿಗೆ ನಾನು ಸರ್ಕಾರಿ ನೌಕರನಲ್ಲ, ನಿಜ. ಆದರೆ ಓದು ಬಾರದವರ ಮುಂದೆ ಎರಡಕ್ಷರ ಓದಿದವನು ಮುಂದೆ ನಿಂತವನೇ. ಆ ಸ್ಥಾನದಿಂದ ಅವರ ಅಂಜಿಕೆಯನ್ನು ಕೊಯ್ದುಕೊಂಡರೆ ಅದೂ ಸಲ್ಲದ ಲಾಭವೇ.

ಸಂಘಗಳಿಗೂ ಇದು ಸಲ್ಲುವ ಮಾತು. 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1982ರ ತಿದ್ದುಪಡಿಯಿಂದ ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿ ಸೇರಿತು. ಈಗ ಅದು 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿದೆ. ಆ ಪಟ್ಟಿಗೆ ಎರಡು ಭಾಗ. ಒಂದು ಮಾಲೀಕರ ಅನುಚಿತ ನಡತೆ, ಇನ್ನೊಂದು ಕೆಲಸಗಾರರ ಮತ್ತು ಅವರ ಸಂಘಗಳ ಅನುಚಿತ ನಡತೆ. ನಮ್ಮವರಲ್ಲಿ ಅನೇಕರು ಮೊದಲ ಭಾಗವನ್ನು ಬಾಯಿಪಾಠ ಹೇಳುತ್ತಾರೆ. ಎರಡನೆಯದನ್ನು ಓದುವುದೇ ಇಲ್ಲ. ಹಾಗೆಂದು ಮಾಲೀಕರು ಬೋನಸ್ ಕೇಳಿದವರನ್ನೂ ಕನಿಷ್ಠ ಕೂಲಿ ಕೇಳಿದವರನ್ನೂ ‘ಅನ್‌ಡ್ಯೂ ಅಡ್ವಾಂಟೇಜ್ ತೆಗೆದುಕೊಳ್ಳುತ್ತಿದ್ದಾರೆ’ ಎಂದರೆ ನಾವು ಒಪ್ಪಬೇಕಾಗಿಲ್ಲ. ಬೋನಸ್ಸೂ ಕನಿಷ್ಠ ಕೂಲಿಯೂ ಕಾನೂನು ಕೊಟ್ಟದ್ದು, ಸಲ್ಲಬೇಕಾದದ್ದು. ಸಲ್ಲಬೇಕಾದದ್ದನ್ನು ಕೇಳುವುದಕ್ಕೆ ಆ ಹೆಸರು ಅಂಟುವುದಿಲ್ಲ. ಈ ಉತ್ತರವನ್ನು ಧೈರ್ಯವಾಗಿ ಕೊಡಬೇಕಾದರೆ ಮೊದಲು ನಮ್ಮ ಕೈ ಶುದ್ಧವಿರಬೇಕು.

ಸತ್ಯವೇದವು ಈ ಮಾತನ್ನು ಬಹಳ ಹಿಂದೆಯೇ ಅಳೆದಿಟ್ಟಿದೆ. ಬಡವನ ಹೊದಿಕೆಯನ್ನು ಒತ್ತೆಯಾಗಿ ಪಡೆದವನು ಹೊತ್ತು ಮುಳುಗುವುದರೊಳಗೆ ಹಿಂದಕ್ಕೆ ಕೊಡಬೇಕೆಂದು ವಿಮೋಚನಕಾಂಡದಲ್ಲಿದೆ. ಒತ್ತೆ ಪಡೆಯುವುದನ್ನು ಅಲ್ಲಿ ನಿಷೇಧಿಸಿಲ್ಲ. ಅವನ ಚಳಿಯಿಂದ ಲಾಭ ಪಡೆಯುವುದನ್ನು ನಿಷೇಧಿಸಿದೆ. ಜಕ್ಕಾಯನು ಸಲ್ಲದೆ ಪಡೆದದ್ದನ್ನು ನಾಲ್ಕರಷ್ಟಾಗಿ ಹಿಂದಕ್ಕೆ ಕೊಡುವೆನೆಂದ ಮೇಲೆಯೇ ಆ ಮನೆಗೆ ರಕ್ಷಣೆ ಬಂತೆಂದು ಕರ್ತನು ಹೇಳಿದನು. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ, ನಾನು ಕಳುಹಿಸಿದವರ ಮೂಲಕ ನಿಮ್ಮಿಂದ ಏನಾದರೂ ದೋಚಿಕೊಂಡೆನೋ, ತೀತನು ದೋಚಿಕೊಂಡನೋ ಎಂದು ತಾನಾಗಿಯೇ ಕೇಳುತ್ತಾನೆ. ಮುದುಕನಾದ ಸಮುವೇಲನು ಅಧಿಕಾರ ಬಿಡುವ ದಿನ ಇಡೀ ಇಸ್ರಾಯೇಲಿನ ಮುಂದೆ ನಿಂತು, ಯಾರ ಎತ್ತನ್ನು ತೆಗೆದುಕೊಂಡಿದ್ದೇನೆ, ಯಾರ ಕೈಯಿಂದ ಲಂಚ ಪಡೆದಿದ್ದೇನೆ, ಹೇಳಿರಿ, ಹಿಂದಕ್ಕೆ ಕೊಡುತ್ತೇನೆ ಎಂದನು. ಜನರು ಏನೂ ಇಲ್ಲವೆಂದರು. ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ, ನಮ್ಮ ಸಭಾ ಕಮಿಟಿಯಲ್ಲಿ ಹೀಗೆ ಎದ್ದು ನಿಂತು ಕೇಳುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗಿದೆ?

ಇನ್ನು ಮೇಲೆ ಅರ್ಜಿ ಹೇಗೆ ಬರೆಯೋಣ?

ಎರಡನೆಯ ಅರ್ಜಿಯನ್ನು ನಾನು ಮೊದಲು ಕನ್ನಡದಲ್ಲಿ ಬರೆದು, ಆ ಐದು ಜೋಡಿಗಳಿಗೂ ಓದಿ ಹೇಳಿ, ಅವರು ಹೌದೆಂದ ಮೇಲೆ ತೆಲುಗು ಬಲ್ಲ ಗೆಳೆಯರಿಂದ ಬರೆಸಿದೆ. ಅದರಲ್ಲಿ ಭಾರವಾದ ಮಾತು ಒಂದೂ ಇರಲಿಲ್ಲ. ಮುಂಗಡ ಕೊಟ್ಟವರು ಯಾರು, ಯಾವ ತಿಂಗಳಲ್ಲಿ, ಎಷ್ಟು. ಎಷ್ಟು ದಿನ ದುಡಿದರು. ತೂಕದ ಚೀಟಿ ಕೊಡಲಿಲ್ಲ. ಈಗ ಬೇರೆ ಕಡೆ ಹೋಗಬಾರದೆಂದು ತಡೆಯುತ್ತಿದ್ದಾರೆ. ಇಷ್ಟು ಬರೆದ ಮೇಲೆ ಕೊನೆಯಲ್ಲಿ ಒಂದೇ ಸಾಲು: ಇವರ ಬಡತನದಿಂದ ಸಲ್ಲದ ಲಾಭ ಪಡೆಯಲಾಗಿದೆ. ಅರ್ಜಿಯನ್ನು ತೆಗೆದುಕೊಂಡರು, ವಿಚಾರಣೆ ನಡೆಯಿತು, ಆ ಐದು ಜೋಡಿಗಳು ಈಗ ತಮಗೆ ಬೇಕಾದ ಕಡೆ ಕೂಲಿಗೆ ಹೋಗುತ್ತಿದ್ದಾರೆ. ಆರನೆಯ ಜೋಡಿ ಆ ಮಳೆಗಾಲ ಪೂರ್ತಿ ಅವನ ಹೊಲದಲ್ಲಿಯೇ ಕಳೆಯಿತು. ನಾನು ಹೋಗಿ ಅವರ ಮುಂದೆ ತಪ್ಪೊಪ್ಪಿಕೊಂಡೆ. ಅವರು ನನ್ನನ್ನು ಬೈಯಲಿಲ್ಲ, ಚಹಾ ಕೊಟ್ಟರು. ಬೈದಿದ್ದರೆ ಮನಸ್ಸು ಸ್ವಲ್ಪ ಹಗುರವಾಗುತ್ತಿತ್ತು.

ಪ್ರಿಯರೇ, ನನ್ನ ವಿನಂತಿ ಇಷ್ಟೇ. ‘ಅನ್‌ಡ್ಯೂ ಅಡ್ವಾಂಟೇಜ್’ ಎಂದು ಬರೆಯುವ ಮೊದಲು ಯಾರು, ಯಾರಿಂದ, ಅವರ ಯಾವ ಕಷ್ಟದಿಂದ, ಏನನ್ನು ಪಡೆದರು ಎಂಬ ನಾಲ್ಕು ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಬರೆದುಕೊಳ್ಳಿರಿ. ಉತ್ತರ ಸಿಗದಿದ್ದರೆ ಆ ಮಾತನ್ನು ಬಿಡಿರಿ. ಬರೆದದ್ದನ್ನು ಹೆಬ್ಬೆಟ್ಟು ಒತ್ತುವವರಿಗೆ ಅವರ ಭಾಷೆಯಲ್ಲಿ ಓದಿ ಹೇಳದೆ ಒತ್ತಿಸಬೇಡಿರಿ. ಓದಿ ಹೇಳದೆ ಒತ್ತಿಸಿದರೆ ಮುಕಾದಮನ ಬಾಂಡ್ ಪೇಪರಿಗೂ ನಮ್ಮ ಅರ್ಜಿಗೂ ಏನು ವ್ಯತ್ಯಾಸ ಉಳಿಯಿತು?

ದುಡಿಯುವವರ ಮೊರೆಯನ್ನು ಕೇಳುವ ದೇವರು ನಮ್ಮ ನಾಲಿಗೆಯನ್ನೂ ನಮ್ಮ ಕೈಗಳನ್ನೂ ಶುದ್ಧವಾಗಿಡಲಿ.

– ನಾಗಲಗಿದ್ದದ ಒಬ್ಬ ಉಪದೇಶಿ